ಆರ್ಸ್ ಮ್ಯಾಜಿಕಾವನ್ನು 1220ರ ಯುರೋಪ್ ಬಿಟ್ಟು ಬೇರೆಲ್ಲಿ ಆಡಬಹುದು?

ಎರಡು ವರ್ಷದಿಂದ ಆರ್ಸ್ ಮ್ಯಾಜಿಕಾ (ಮಾಂತ್ರಿಕರ ಪಾತ್ರ ವಹಿಸಿ, ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ) ಆಡುತ್ತಿದ್ದೇವೆ, ಅದರ ಕಥೆ ನಡೆಯುವ 1220ರ ಯುರೋಪ್ ಬೇಜಾರಾಗಿದೆ, ಪೂರ್ತಿ ಹೊಸ ಲೋಕ ಕಟ್ಟಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಕಟ್ಟಬಹುದು. ನಾವೂ ಕಟ್ಟಿ ಕೈ ಸುಟ್ಟುಕೊಂಡಿದ್ದೇವೆ.

ಎರಡು ಚಂದ್ರ, ಏಳು ರಾಜ್ಯ, ನಕ್ಷೆ ಬಿಡಿಸುವುದಕ್ಕೇ ಒಂದು ತಿಂಗಳು. ಚರ್ಚ್ ಬೇಡ ಅಂತ ಕೈಬಿಟ್ಟೆವು. ಮೂರನೇ ಸೆಷನ್‌ನಲ್ಲಿ ನಮ್ಮ ಮಾಂತ್ರಿಕರು ಒಬ್ಬ ರಾಜನ ಮನಸ್ಸು ತಿರುಗಿಸಿ ಇಡೀ ರಾಜ್ಯವನ್ನು ಜೇಬಿಗೆ ಹಾಕಿಕೊಂಡರು. ತಡೆಯುವವರೇ ಇಲ್ಲ! ಈ ಆಟದಲ್ಲಿ ಮಾಂತ್ರಿಕರಿಗೆ ಮೂಗುದಾರ ಹಾಕುವುದು ಡೊಮಿನಿಯನ್, ಅಂದರೆ ಚರ್ಚ್ ಮತ್ತು ಭಕ್ತಿಯಿಂದ ಒಂದು ಜಾಗದಲ್ಲಿ ನೆಲೆಸುವ ದೈವಬಲ. ಐದನೇ ಆವೃತ್ತಿಯ ಪ್ರಕಾರ, ದೈವಬಲದ ಆರಾ (ಆ ಜಾಗದಲ್ಲಿ ಅದರ ಪ್ರಭಾವದ ಮಟ್ಟ) 3 ಇರುವ ಕಡೆ ಮಂತ್ರ ಹಾಕಿದರೆ ಅದರ ಮೂರು ಪಟ್ಟು, ಅಂದರೆ 9, ಮಂತ್ರದ ಅಂಕದಿಂದ ಕಳೆಯಬೇಕು. ಅದು ಹೋದರೆ ಮಂತ್ರ ಕಟ್ಟುವ ಐದು ಟೆಕ್ನಿಕ್ (ಏನು ಮಾಡುವುದು), ಹತ್ತು ಫಾರ್ಮ್ (ಯಾವುದರ ಮೇಲೆ) ಸೇರಿ ಕಥೆಯನ್ನೇ ನುಂಗಿಬಿಡುತ್ತವೆ.

ಅದಕ್ಕೇ ನಕ್ಷೆ ಹಾಗೇ ಇರಲಿ, ಇಸವಿ ಬದಲಿಸಿ ಅಂತೀನಿ.

ನಮಗೆ ಜಾಸ್ತಿ ಹಿಡಿಸಿದ್ದು 1000ನೇ ಇಸವಿ ಆಸುಪಾಸಿನ ಐಸ್‌ಲ್ಯಾಂಡ್. ಡೊಮಿನಿಯನ್ ಅಲ್ಲಿನ್ನೂ ಬೇರು ಬಿಟ್ಟಿಲ್ಲ. ಥಿಂಗ್‌ವೆಲ್ಲಿರ್ ಬಯಲಿನ ಆಲ್ಥಿಂಗ್ ಸಭೆಯಲ್ಲಿ ಹಳೇ ದೇವರುಗಳ ಕಡೆಯವರು ಒಂದು ಬಣ, ಕ್ರೈಸ್ತರು ಇನ್ನೊಂದು. ತೀರ್ಪು ಕೊಡಬೇಕಾದ ಥೋರ್ಗೇರ್ ಸ್ವತಃ ಹಳೇ ಧರ್ಮದವನು. ಒಂದು ಹಗಲು, ಒಂದು ರಾತ್ರಿ ಮುಸುಕು ಎಳೆದುಕೊಂಡು ಮಲಗಿದ. ಎದ್ದವನೇ, ಎಲ್ಲರೂ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕು ಅಂದ. ಜೊತೆಗೇ ಒಂದು ಕಿಂಡಿಯನ್ನೂ ಬಿಟ್ಟ: ಗುಟ್ಟಾಗಿ ಬಲಿ ಕೊಡಬಹುದು, ಸಾಕ್ಷಿ ಸಿಕ್ಕರೆ ಮಾತ್ರ ಶಿಕ್ಷೆ. ಕುದುರೆ ಮಾಂಸಕ್ಕೂ ಸದ್ಯಕ್ಕೆ ಅಡ್ಡಿಯಿಲ್ಲ.

ಇಷ್ಟು ಇತಿಹಾಸ. ಆ ಮುಸುಕಿನೊಳಗಿದ್ದವನ ಮನಸ್ಸಿಗೆ ಯಾರು ಕೈ ಹಾಕಿದರು? ನಮ್ಮ ಮೊದಲ ಸಂಜೆ ಪೂರ್ತಿ ಇದರಲ್ಲೇ ಕಳೆಯಿತು. ಆಟ ಹೇಗೂ ಋತುಗಳ ಲೆಕ್ಕದಲ್ಲಿ ಓಡುತ್ತದೆ, ವರ್ಷಕ್ಕೆ ನಾಲ್ಕು. ಹಾಗಾಗಿ ಹತ್ತು ವರ್ಷ ಬೇಗ ಉರುಳುತ್ತದೆ. ಹೊಸ ಚರ್ಚ್ ಎದ್ದಾಗೆಲ್ಲ ನಕ್ಷೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆವು. ಮಂತ್ರ ನಡೆಯುವ ಜಾಗ ಕಣ್ಣೆದುರೇ ಕುಗ್ಗುತ್ತಾ ಹೋಯಿತು. ಸಾಲದ್ದಕ್ಕೆ, ಆಟದ ಸ್ವಂತ ಇತಿಹಾಸದಲ್ಲಿ 1003ಕ್ಕೆ ಮಾಂತ್ರಿಕರ ಒಳಜಗಳವಾದ ಸ್ಕಿಸಮ್ ಯುದ್ಧ ಶುರು. ಅದರಲ್ಲಿ ತಲೆ ಉಳಿಸಿಕೊಳ್ಳಲು ಓಡುವ ಡಿಯೆಡ್ನೆ ಎಂಬ ಮಾಂತ್ರಿಕ ಮನೆತನದವರಿಗೆ ಇದಕ್ಕಿಂತ ದೂರದ ಜಾಗ ಎಲ್ಲಿದೆ, ಅಲ್ವಾ?

ಮುದ್ರಣ ಬಂದ ಮೇಲಿನ ವೆನಿಸ್ ಕೂಡ ಚೆನ್ನಾಗಿರುತ್ತದೆ. ಒಂದು ಪುಸ್ತಕಕ್ಕಾಗಿ ಜಗಳಕ್ಕೆ ನಿಲ್ಲುವ ಮಾಂತ್ರಿಕರ ಮುಂದೆ ಅದೇ ಪುಸ್ತಕದ ನೂರಾರು ಪ್ರತಿ ಬಂದರೆ ಏನಾಗಬಹುದು, ಯೋಚಿಸಿ. 1348ರ ಪ್ಲೇಗ್ ಆಡೋಣ ಅಂತ ಒಬ್ಬ ಗೆಳೆಯ ಹೇಳಿದ್ದ. ಕೋವಿಡ್ ಆದಮೇಲೆ ಯಾರಿಗೂ ಮನಸ್ಸು ಬರಲಿಲ್ಲ.

ಇಲ್ಲ, ಹೊಸ ಲೋಕವೇ ಬೇಕು ಅಂದರೆ, ಡೊಮಿನಿಯನ್ ಜಾಗದಲ್ಲಿ ಏನು ಕೂರಿಸುತ್ತೀರಿ ಅಂತ ಮೊದಲು ಬರೆದುಕೊಳ್ಳಿ. ಚಂದ್ರ ಎಷ್ಟು ಅಂತ ಆಮೇಲೆ ನೋಡಿಕೊಳ್ಳಬಹುದು.