ಟಾರಂಟುಲಾ ಕೈಗೆ ಒಗ್ಗುತ್ತದಾ?

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ರೂಮಿನಲ್ಲಿ ಮೆಕ್ಸಿಕೋದ ಕೆಂಪು ಮಂಡಿಯ ಟಾರಂಟುಲಾ ಜೇಡ ಸಾಕಿದ್ದಾನೆ. ವಿಡಿಯೊ ಕಾಲ್‌ನಲ್ಲಿ ಅಂಗೈ ಮೇಲೆ ಬಿಟ್ಟುಕೊಂಡು ತೋರಿಸುತ್ತಾನೆ. “ದಿನಾ ಎತ್ಕೋತೀನಮ್ಮ, ಅದಕ್ಕೆ ನನ್ನ ಗುರುತು ಸಿಕ್ಕಿದೆ, ಏನೂ ಮಾಡಲ್ಲ” ಅಂತಾನೆ. ನಿಜವಾ?
– ಓದುಗರು, ಮೈಸೂರು

ಉತ್ತರ: ಅರ್ಧ ನಿಜ. ಮತ್ತೆ ಮತ್ತೆ ಮುಟ್ಟಿದರೂ ಕೆಡುಕೇನೂ ಆಗದಿದ್ದರೆ ಹುಳಹುಪ್ಪಟೆಗಳೂ ಗಾಬರಿಯಾಗುವುದನ್ನು ಬಿಡುತ್ತವೆ. ಮಡಗಾಸ್ಕರ್‌ನ ದೊಡ್ಡ ಜಿರಳೆಯನ್ನು ಎತ್ತಿದರೆ, ಹೊಟ್ಟೆಯ ಪಕ್ಕದ ಉಸಿರಾಟದ ತೂತುಗಳಿಂದ ಗಾಳಿ ನೂಕಿ ಬುಸ್ ಎನ್ನುತ್ತದೆ. ಎತ್ತುತ್ತಾ ಹೋದರೆ ಬುಸುಗುಟ್ಟುವುದು ಕಮ್ಮಿಯಾಗುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಬ್ಬರ ಕೈಗೆ ಒಗ್ಗಿದ ಜಿರಳೆಗಳಲ್ಲಿ ಕೆಲವು ಬೇರೆಯವರು ಎತ್ತಿದಾಗ ಮತ್ತೆ ಬುಸುಗುಟ್ಟಿದವು. ಜಿರಳೆಗೇ ಇಷ್ಟು ತಿಳಿಯುತ್ತದೆ, ನೋಡಿ!

ಹಾಗಂತ ಅದನ್ನು ಪ್ರೀತಿ ಅನ್ನೋಕಾಗಲ್ಲ. ಟಾರಂಟುಲಾಗೆ ಎಂಟು ಕಣ್ಣಿದ್ದರೂ ದೃಷ್ಟಿ ತೀರಾ ಮಂದ. ಕಾಲಿನ ಕೂದಲಿಗೆ ತಾಗುವ ಅದುರುವಿಕೆಯಿಂದಲೇ ಅದಕ್ಕೆ ಸುತ್ತಲಿನದು ಗೊತ್ತಾಗುವುದು. ನಿಮ್ಮ ಮಗನ ಅಂಗೈ ಅದರ ಪಾಲಿಗೆ ಬೆಚ್ಚಗಿನ, ಅಲುಗಾಡುವ ನೆಲ, ಅಷ್ಟೇ. ಈ ಜಾತಿ ಮೊದಲೇ ನಿಧಾನದ್ದು, ಸಾಧು. ಅದರ ಸಮಾಧಾನವನ್ನು ನಿಮ್ಮ ಹುಡುಗ ತನ್ನ ಪಳಗಿಸುವಿಕೆ ಅಂದುಕೊಂಡಿರಬಹುದು.

ಮುಂದಿನ ಸಲ ವಿಡಿಯೊದಲ್ಲಿ ಜೇಡದ ಹೊಟ್ಟೆಯ ಮೇಲ್ಭಾಗ ತೋರಿಸು ಅನ್ನಿ. ಅಲ್ಲಿ ಕೂದಲು ಉದುರಿ ಬೋಳಾದ ಜಾಗ ಕಂಡರೆ, ಅದು ಹೆದರಿದೆ ಅಂತಲೇ ಹೆಚ್ಚಾಗಿ ಅರ್ಥ. ಬೆದರಿದಾಗ ಹಿಂಗಾಲಿನಿಂದ ಹೊಟ್ಟೆ ಉಜ್ಜಿ, ನವೆ ತರಿಸುವ ಸಣ್ಣ ಮುಳ್ಳುಗೂದಲನ್ನು ಗಾಳಿಗೆ ತೂರುತ್ತದೆ. ಹೋದ ಕೂದಲು ಮತ್ತೆ ಬರುವುದು ಮುಂದಿನ ಸಲ ಪೊರೆ ಬಿಟ್ಟಾಗಲೇ.

ಪೊರೆ ಬಿಡುವ ಸಮಯದಲ್ಲಂತೂ ಮುಟ್ಟಲೇಬಾರದು. ನಮ್ಮ ರಾಮನಗರ ಕಡೆಯ ರೇಷ್ಮೆ ಬೆಳೆಗಾರರನ್ನು ಕೇಳಿ, ಹುಳ ‘ಜ್ವರಕ್ಕೆ ಕೂತಾಗ’, ಅಂದರೆ ಪೊರೆ ಬಿಡುವಾಗ, ಸೊಪ್ಪೂ ಹಾಕುವುದಿಲ್ಲ, ಕದಲಿಸುವುದೂ ಇಲ್ಲ. ಅಂದ ಹಾಗೆ, ನಿಜವಾಗಿ ಮನುಷ್ಯರಿಗೆ ಪಳಗಿದ ಕೀಟ ಆ ರೇಷ್ಮೆ ಹುಳವೇ. ಸಾವಿರಾರು ವರ್ಷ ಸಾಕಿ ಸಾಕಿ ಅದರ ಚಿಟ್ಟೆ ಹಾರುವುದನ್ನೇ ಬಿಟ್ಟಿದೆ. ಒಂದು ಜೇಡವನ್ನು ನಾಲ್ಕು ತಿಂಗಳು ಎತ್ತಿಕೊಂಡರೆ ಅದು ಆಗುವುದಿಲ್ಲ.

ನನ್ನನ್ನು ಕೇಳಿದರೆ, ಕೈಗೆ ತೆಗೆದುಕೊಳ್ಳುವುದರಿಂದ ಜೇಡಕ್ಕೆ ಲಾಭವೇನೂ ಇಲ್ಲ. ಕೈ ಜಾರಿ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಹೆಣ್ಣಾದರೆ 20 ವರ್ಷಕ್ಕೂ ಜಾಸ್ತಿ ಬದುಕುವ ಜೀವ ಅದು. ಎತ್ತಲೇಬೇಕು ಅನ್ನಿಸಿದರೆ ನೆಲದ ಮೇಲೆ ಕೂತು, ಕೈ ತಗ್ಗಿಸಿ ಹಿಡಿಯಲಿ. ಆಮೇಲೆ ಸೋಪು ಹಾಕಿ ಕೈ ತೊಳೆಯಲಿ, ಅಲ್ಲಿಯವರೆಗೆ ಕಣ್ಣು ಮುಟ್ಟಿಕೊಳ್ಳದಿರಲಿ. ಕಣ್ಣು ಕೆಂಪಾಗಿ ಚುಚ್ಚುತ್ತಿದ್ದರೆ ಉಜ್ಜದೆ ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಟಾರಂಟುಲಾ ಸಾಕಿರುವುದನ್ನು ಮೊದಲೇ ಹೇಳಬೇಕು. ಆ ಕೂದಲು ಕಣ್ಣುಗುಡ್ಡೆಗೆ ನಾಟಿಕೊಂಡರೆ ನೀರಿನಲ್ಲಿ ತೊಳೆದರೂ ಬರುವುದಿಲ್ಲ.