ಗೊಂಬೆ ಹಬ್ಬದ ಹಣ್ಣಿನ ತಟ್ಟೆ ರಾತ್ರಿವರೆಗೂ ಚೆಂದ ಉಳಿಯಬೇಕಾ?

ಪ್ರಶ್ನೆ: ಅಕ್ಕಾ, ನಮ್ಮದು ಮೈಸೂರು. ದಸರೆಗೆ ಪ್ರತಿ ವರ್ಷ ಗೊಂಬೆ ಕೂರಿಸುತ್ತೇವೆ. ಒಂದು ಸಂಜೆ ಅರಿಶಿನ ಕುಂಕುಮಕ್ಕೆ ಅಕ್ಕಪಕ್ಕದವರು, ನೆಂಟರು, ಮಕ್ಕಳು ಸೇರಿ 30 ಜನ ಬರುತ್ತಾರೆ. ಕಳೆದ ಸಲ ಆಸೆಪಟ್ಟು ಅಜ್ಜಿ ಕಾಲದ ಹಿತ್ತಾಳೆ ಹರಿವಾಣದಲ್ಲಿ ಸೇಬು, ಬಾಳೆಹಣ್ಣು, ಕಲ್ಲಂಗಡಿ, ಅನಾನಸ್, ದಾಳಿಂಬೆ ಎಲ್ಲ ಜೋಡಿಸಿದೆ. ಮಧ್ಯಾಹ್ನ 2 ಗಂಟೆಗೇ ಮುಗಿಸಿ, ಮೇಲೆ ಚಾಟ್ ಮಸಾಲೆ ಉದುರಿಸಿ ಮುಚ್ಚಿಟ್ಟೆ. 6 ಗಂಟೆಗೆ ತೆಗೆದರೆ ಸೇಬು ಕಂದು, ಬಾಳೆ ಕಪ್ಪು, ತಟ್ಟೆ ತುಂಬ ನೀರು. ಅಳುವೇ ಬಂತು. ಈ ಸಲ ಹೇಗೆ ಮಾಡಲಿ?

ಉತ್ತರ: ನಿಮ್ಮ ಕೈಗುಣದಲ್ಲಿ ಏನೂ ತಪ್ಪಿಲ್ಲ, ಹೆಚ್ಚಿದ ಹೊತ್ತು ತಪ್ಪು ಅಷ್ಟೇ. ನಾಲ್ಕು ಗಂಟೆ ಮುಂಚೆ ಹೆಚ್ಚಿಟ್ಟ ಸೇಬು ಯಾರ ಮನೆಯಲ್ಲೂ ಬೆಳ್ಳಗೆ ಇರುವುದಿಲ್ಲ. ಇನ್ನು ಆ ನೀರು ಬಂದಿದ್ದು ಚಾಟ್ ಮಸಾಲೆಯಿಂದ. ಅದರಲ್ಲಿರುವ ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಸಕ್ಕರೆ ಉದುರಿಸಿದರೂ ಇದೇ ಕಥೆ. ಬೇಕಾದವರು ಹಾಕಿಕೊಳ್ಳಲಿ ಅಂತ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಲ್ಲಿಡಿ.

ಹಿತ್ತಾಳೆ ಹರಿವಾಣದ ಆಸೆ ನನಗೂ ಅರ್ಥವಾಗುತ್ತದೆ, ಗೊಂಬೆಗಳ ಮುಂದೆ ಅದರ ಹೊಳಪೇ ಬೇರೆ. ಆದರೆ ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ಹಣ್ಣು ತಾಗಬಾರದು, ರುಚಿ ಕೆಡುತ್ತದೆ, ಹೊಟ್ಟೆಗೂ ಒಳ್ಳೆಯದಲ್ಲ. ಹರಿವಾಣದೊಳಗೆ ಒಂದು ಸ್ಟೀಲ್ ತಟ್ಟೆ ಕೂರಿಸಿ, ಅದರ ಮೇಲೆ ಬಾಳೆ ಎಲೆ ಹಾಸಿ. ಎಲೆಯನ್ನು ಉರಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿಕೊಂಡರೆ ಮಡಚಿದರೂ ಸೀಳುವುದಿಲ್ಲ.

ಈಗ ಹಣ್ಣು. ಅಂಗಡಿಯಲ್ಲಿ ಬಣ್ಣ ನೋಡಿ ಆರಿಸುವುದಕ್ಕಿಂತ, ಹೆಚ್ಚಿದ ಮೇಲೆ ಈ ಹಣ್ಣು ಏನಾಗುತ್ತದೆ ಅಂತ ಯೋಚಿಸಿ ಆರಿಸಿ. ಅನಾನಸ್, ಪಪ್ಪಾಯ, ದಾಳಿಂಬೆ, ಚಕ್ಕೋತ ಇವು ಕಪ್ಪಾಗುವುದಿಲ್ಲ, ಇವೇ ತಟ್ಟೆಯ ಆಧಾರ. ಸೇಬು, ಸೀಬೆ ಕೊನೆಗೆ. ಕಲ್ಲಂಗಡಿ ಬಿಟ್ಟುಬಿಡಿ, ಅದು ಬೇಸಿಗೆಯ ಹಣ್ಣು, ತಟ್ಟೆಯಲ್ಲಿ ಸುಮ್ನೆ ನೀರು ಬಿಡುತ್ತದೆ. ಸೀತಾಫಲ ದಸರೆ ಹೊತ್ತಿಗೆ ಚೆನ್ನಾಗಿ ಬರುತ್ತದೆ ನಿಜ, ಆದರೆ ರೇಷ್ಮೆ ಸೀರೆ ಉಟ್ಟು ಬಂದವರು ನಿಂತುಕೊಂಡು ಬೀಜ ಉಗಿಯುವುದು ಕಷ್ಟ ಅಲ್ವಾ? ಬಾಳೆಹಣ್ಣು ಹೆಚ್ಚಲೇಬೇಡಿ, ಏಲಕ್ಕಿ ಬಾಳೆಯ ಒಂದು ಪುಟ್ಟ ಚಿಪ್ಪನ್ನು ಇಡಿಯಾಗಿ ತಟ್ಟೆಯ ಅಂಚಿಗೆ ಇಟ್ಟರೆ ಅದೇ ಅಲಂಕಾರ.

ಚಕ್ಕೋತ ಸಿಕ್ಕರೆ ಬಿಡಬೇಡಿ. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಜಿಐ, ಅಂದರೆ ಆ ಊರಿನದ್ದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ಆದರೂ ಹಬ್ಬದ ತಟ್ಟೆಯಲ್ಲಿ ಅದನ್ನು ಇಡುವವರು ಕಡಿಮೆ, ಬಿಡಿಸುವುದು ಕಷ್ಟ ಅನ್ನುವ ಭಯಕ್ಕೆ. ಕಷ್ಟವೇನಿಲ್ಲ. ತಲೆ ಕೊಯ್ದು, ದಪ್ಪ ಸಿಪ್ಪೆಗೆ ಮೇಲಿಂದ ಕೆಳಗೆ ಆರು ಗೀರು ಹಾಕಿ, ಹೆಬ್ಬೆರಳು ತೂರಿಸಿ ಎಳೆದರೆ ಬಿಳಿ ಹತ್ತಿಯಂಥ ಪದರದ ಸಮೇತ ಬರುತ್ತದೆ. ತೊಳೆಗಳನ್ನು ಬೇರೆ ಮಾಡಿ, ಪ್ರತಿ ತೊಳೆಯ ಒಳಬದಿಯ ಅಂಚನ್ನು ಸೀಳಿ, ಪೊರೆಯನ್ನು ಹಿಂದಕ್ಕೆ ಮಡಚಿ. ಒಳಗಿನ ಗುಲಾಬಿ ಬಣ್ಣದ ಎಳೆಗಳು ಅರಳಿದ ಹೂವಿನ ಹಾಗೆ ಎದ್ದು ನಿಲ್ಲುತ್ತವೆ. ಪೊರೆ ಕಹಿ, ಅದನ್ನು ಪೂರ್ತಿ ತೆಗೆಯಿರಿ.

ನಡುವಿಗೆ ಅನಾನಸ್ ದೋಣಿ ಮಾಡಿ. ಮೇಲಿನ ಜುಟ್ಟು ಬಿಡಿಸದೆ ಹಣ್ಣನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನದ್ದನ್ನು ಚಾಕುವಿನಲ್ಲಿ ಕೊರೆದು ತೆಗೆದು, ನಡುದಿಂಡು ಬಿಸಾಡಿ, ಉಳಿದದ್ದು ತುಂಡು ಮಾಡಿ. ದೋಣಿಯನ್ನು ಹತ್ತು ನಿಮಿಷ ಬೋರಲು ಹಾಕಿ ರಸ ಇಳಿಸಿ. ಅದರೊಳಗೆ ದಾಳಿಂಬೆ ಕಾಳು ತುಂಬಿ. ಕಾಳನ್ನು ಸೇಬಿನ ಮೇಲೆ ಚೆಲ್ಲಬೇಡಿ, ಕೆಂಪು ಹತ್ತಿ ಕೊಳಕಾಗಿ ಕಾಣುತ್ತದೆ. ಅಲ್ಲಿಂದ ಆಚೆಗೆ ರಂಗೋಲಿ ಬಿಡಿಸಿದ ಹಾಗೇ, ನಡುವಿನಿಂದ ಹೊರಗೆ ಸುತ್ತು ಹಾಕುತ್ತಾ ಹೋಗಿ. ಪಪ್ಪಾಯದ ಪಕ್ಕ ಸೀಬೆ, ಅದರ ಪಕ್ಕ ಚಕ್ಕೋತ, ಗಾಢ ಬಣ್ಣದ ಪಕ್ಕ ತಿಳಿ ಬಣ್ಣ. ಅಂಚಿಗೆ ಚೆನ್ನಾಗಿ ತೊಳೆದ ವೀಳ್ಯದೆಲೆ. ಮಾರ್ಕೆಟ್ಟಿನ ಸೇವಂತಿಗೆ ಮಾತ್ರ ಹೆಚ್ಚಿದ ಹಣ್ಣಿಗೆ ತಾಗಿಸಬೇಡಿ, ಏನು ಔಷಧಿ ಹೊಡೆದಿರುತ್ತಾರೋ. ಮಕ್ಕಳು ಬರುವ ಮನೆಯಲ್ಲಿ ಟೂತ್‌ಪಿಕ್ ಕೂಡ ಬೇಡ.

ಸೇಬು, ಸೀಬೆಗೆ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ, ಹೆಚ್ಚಿದ ಹೋಳುಗಳನ್ನು 5 ನಿಮಿಷ ಮುಳುಗಿಸಿ, ಒಂದು ಸಲ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿ. ನಿಂಬೆ ರಸವೂ ಆಗುತ್ತದೆ, ಆದರೆ ಸೇಬಿಗೆ ಹುಳಿ ಹತ್ತುತ್ತದೆ, ನನಗೆ ಉಪ್ಪು ನೀರೇ ವಾಸಿ. ಒರೆಸುವುದನ್ನು ಮರೆಯಬೇಡಿ, ಒದ್ದೆ ಹೋಳು ಜಾರಿ ಸಾಲು ಕೆಡುತ್ತದೆ.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ. 6 ಗಂಟೆಗೆ ಜನ ಬರುತ್ತಾರೆ ಅಂದರೆ 4 ಗಂಟೆಗೆ ಅನಾನಸ್, ಪಪ್ಪಾಯ, ಚಕ್ಕೋತ, ದಾಳಿಂಬೆ ಬಿಡಿಸಿ, ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ. ಐದೂಕಾಲಿಗೆ ಸೇಬು, ಸೀಬೆ. ಐದೂವರೆಗೆ ಜೋಡಿಸಲು ಕೂತರೆ ಸಾಕು. ಹೆಚ್ಚಿದ ಹಣ್ಣು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು, ಹಾಗಾಗಿ ಒಂದು ದೊಡ್ಡ ತಟ್ಟೆ ಮಾಡುವ ಬದಲು ಎರಡು ಚಿಕ್ಕದು ಮಾಡಿ. ದೋಣಿಯೂ ಎರಡಿದೆಯಲ್ಲ! ಒಂದು ಗೊಂಬೆಗಳ ಮುಂದೆ, ಇನ್ನೊಂದು ಮುಚ್ಚಿ ಫ್ರಿಜ್ಜಲ್ಲಿ. ಏಳೂವರೆಗೆ ಬದಲಾಯಿಸಿ. ತಡವಾಗಿ ಬಂದ ನೆಂಟರಿಗೂ ತಾಜಾ ತಟ್ಟೆಯೇ ಸಿಗುತ್ತದೆ, ಅವರ ಮುಖ ಆಗ ನೋಡಬೇಕು.

ಅಳತೆ: ಉಸ್ಲಿ, ಕೋಸಂಬರಿ ಜೊತೆಗೆ ಇರುವುದರಿಂದ ಒಬ್ಬರಿಗೆ 120 ಗ್ರಾಂ ಹೆಚ್ಚಿದ ಹಣ್ಣು ಧಾರಾಳ, ಒಟ್ಟು ಮೂರೂವರೆ ಕೆಜಿ ಚಿಲ್ಲರೆ. ಅನಾನಸ್‌ನಲ್ಲಿ ಅರ್ಧ ತೂಕ ಸಿಪ್ಪೆ, ದಿಂಡಿಗೇ ಹೋಗುತ್ತದೆ, ನೋಡಿಕೊಂಡು ತನ್ನಿ. ಆಯುಧ ಪೂಜೆ ಹತ್ತಿರ ಬಂದ ಹಾಗೆ ದೇವರಾಜ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ. ಸೇಬು, ದಾಳಿಂಬೆ, ಚಕ್ಕೋತ ನಾಲ್ಕು ದಿನ ಮೊದಲೇ ತಂದಿಟ್ಟರೂ ಕೆಡುವುದಿಲ್ಲ. ಪಪ್ಪಾಯ ಮಾತ್ರ ಎರಡು ದಿನ ಮುಂಚೆ, ಹಳದಿ ಗೆರೆ ಮೂಡಿದ್ದು, ಒತ್ತಿದರೆ ಇನ್ನೂ ಗಟ್ಟಿ ಇರುವುದು.

ನೈವೇದ್ಯಕ್ಕೆ ಇಡಿ ಹಣ್ಣುಗಳನ್ನು ಮೊದಲೇ ಬೇರೆ ಎತ್ತಿಡಿ, ಈ ತಟ್ಟೆ ಬರೀ ಅತಿಥಿಗಳಿಗೆ.

ಪ್ರಶ್ನೆ: ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಹಬ್ಬದ ದಿನ ಎಲ್ಲರ ಜೊತೆ ಅವರೂ ಹಣ್ಣು ತಿನ್ನಲಿ ಅಂತ ಆಸೆ. ಯಾವುದು ಕೊಡಲಿ?

ಉತ್ತರ: ಸೀಬೆ, ಸಿಪ್ಪೆ ಸಮೇತ ಸೇಬು ನಾಲ್ಕೈದು ಹೋಳು ಕೊಡಿ, ಜ್ಯೂಸ್ ಬೇಡ. ಚಕ್ಕೋತ ಕೊಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ಬಿಪಿ, ಕೊಲೆಸ್ಟ್ರಾಲ್‌ಗೆ ಕೊಡುವ ಕೆಲವು ಮಾತ್ರೆಗಳ ಕೆಲಸವನ್ನು ಅದು ಏರುಪೇರು ಮಾಡುತ್ತದೆ.

ಪ್ರಶ್ನೆ: ಉಳಿದ ಹಣ್ಣನ್ನು ಮಾರನೇ ದಿನ ಏನು ಮಾಡಬಹುದು?

ಉತ್ತರ: ಹೊರಗೆ ಇಟ್ಟ ತಟ್ಟೆಯದ್ದು ಬೇಡ. ಫ್ರಿಜ್ಜಲ್ಲೇ ಇದ್ದದ್ದನ್ನು ಪುಟ್ಟದಾಗಿ ಹೆಚ್ಚಿ, ಇಡಿಯಾಗಿ ಉಳಿದ ಏಲಕ್ಕಿ ಬಾಳೆ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಪುಡಿ ಸೇರಿಸಿ ರಸಾಯನ ಮಾಡಿ. ಬಿಸಿ ದೋಸೆ ಜೊತೆ ಬೆಳಗಿನ ತಿಂಡಿಗೆ ಆಯಿತು.