40ರ ಕೆಳಗೆ ಕೆಂಪು ಗೆರೆ

ಹೆಸರು, ಮನೆಯ ವಿವರ ಬದಲಿಸಿದ್ದೇನೆ.

ಮುಂದೇನು ಓದುವುದು ಅಂತ ಕೇಳಲು ನನ್ನ ಹತ್ತಿರ ಬಂದವಳು ಕುಮಟಾ ಕಡೆಯ ಹುಡುಗಿ, ಸೆಕೆಂಡ್ ಪಿಯುಸಿ ಸೈನ್ಸ್. ಶೀಲಾ ಅಂದುಕೊಳ್ಳಿ. ಆರ್ಕಿಟೆಕ್ಟ್ ಆಗಬೇಕಂತೆ. ಜೊತೆಗೆ ಬಂದ ಅಪ್ಪ ಕುಳಿತುಕೊಳ್ಳುವ ಮೊದಲೇ ಪ್ಲಾಸ್ಟಿಕ್ ಕೊಟ್ಟೆಯಿಂದ ಆಪ್ಟಿಟ್ಯೂಡ್ ಟೆಸ್ಟಿನ ವರದಿ ತೆಗೆದು ಮೇಜಿನ ಮೇಲಿಟ್ಟರು. ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಭಾಗದ ಎದುರು 40 ಅಂತಿತ್ತು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ.

"ಜಸ್ಟ್ ಪಾಸು ಅಕ್ಕೋರೆ. ಹುಡುಗಿಯರಿಗೆ ಇದೆಲ್ಲ ತಲೆಗೆ ಹತ್ತೂದಿಲ್ಲ ಅಂತ ಟೆಸ್ಟೇ ಹೇಳಿದೆಯಲ್ಲ. ಬಿ.ಕಾಂ. ಮಾಡಲಿ."

ಶೀಲಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

40 ಅಂದರೆ ಮಾರ್ಕ್ಸ್ ಅಲ್ಲ, ಪರ್ಸೆಂಟೈಲ್. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 40 ಜನ ಇವಳಿಗಿಂತ ಹಿಂದೆ ಇರುತ್ತಾರೆ ಅಂತ ಅರ್ಥ. ಯಾವ ನೂರು ಜನ? ತಕರಾರು ಇರುವುದು ಅಲ್ಲೇ. ಇಂಥ ಕೆಲವು ಟೆಸ್ಟುಗಳಲ್ಲಿ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ನಾರ್ಮ್ಸ್, ಅಂದರೆ ಹೋಲಿಸುವ ಪಟ್ಟಿ, ಇರುತ್ತವೆ. ಪಕ್ಕದ ಕಾಲಂನಲ್ಲೇ 62 ಅಂತಲೂ ಇತ್ತು, ಯಾರೂ ನೋಡಿರಲಿಲ್ಲ. ಉತ್ತರಪತ್ರಿಕೆ ಒಂದೇ, ಹುಡುಗಿಯರ ಜೊತೆ ಹೋಲಿಸಿದರೆ 62, ಹುಡುಗರ ಜೊತೆ ಹೋಲಿಸಿದರೆ 40.

ಹಾಗಂತ ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪ್ರಶ್ನೆಗಳಲ್ಲಿ ಹುಡುಗರ ಸರಾಸರಿ ಮುಂದಿರುವುದು ನಿಜ. ಬರವಣಿಗೆಯಲ್ಲಿ ಹುಡುಗಿಯರ ಸರಾಸರಿ ಮುಂದೆ. ಒಟ್ಟು ಐಕ್ಯೂ ಹೆಚ್ಚುಕಡಿಮೆ ಸಮ, ಆದರೆ ಅದಕ್ಕೂ ಒಂದು ಕಥೆ ಇದೆ. 1937ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಟರ್ಮನ್ ಮತ್ತು ಮೆರಿಲ್ ಸ್ಟ್ಯಾನ್‌ಫರ್ಡ್-ಬಿನೆ ಎಂಬ ಐಕ್ಯೂ ಪರೀಕ್ಷೆಯನ್ನು ತಿದ್ದಿದಾಗ, ಗಂಡು-ಹೆಣ್ಣಿನ ನಡುವೆ ಭಾರೀ ಅಂತರ ತೋರಿಸಿದ ಕೆಲವು ಪ್ರಶ್ನೆಗಳನ್ನು ಇದು ನ್ಯಾಯವಲ್ಲ ಅಂತ ಮೊದಲೇ ತೆಗೆದುಹಾಕಿದ್ದರು. 'ಟೆಸ್ಟೇ ಹೇಳಿದೆ' ಅನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಉತ್ತರಪತ್ರಿಕೆಯ ಪ್ರತಿಯೂ ಇತ್ತು. ಬರೆದದ್ದರಲ್ಲಿ ಎರಡೇ ತಪ್ಪು. ಕೊನೆಯ 11 ಪ್ರಶ್ನೆ ಖಾಲಿ. ಯಾಕೆ ಬಿಟ್ಟೆ ತಂಗಿ ಅಂದೆ.

"ಒಂದೊಂದನ್ನೂ ಎರಡೆರಡು ಸಲ ನೋಡ್ದೆ, ಟೈಮ್ ಮುಗಿದುಹೋಯ್ತು."

ಗಡಿಯಾರ ಇಟ್ಟು ಬರೆಸಿದಾಗ ಹುಡುಗ-ಹುಡುಗಿಯರ ಈ ಅಂತರ ಜಾಸ್ತಿಯಾಗುವುದು ಸಂಶೋಧಕರಿಗೆ ಗೊತ್ತಿರುವ ವಿಷಯವೇ.

ಮನೆಯಲ್ಲಿ ಹಬ್ಬದ ಕಡುಬಿಗೆ ಕೊಟ್ಟೆ ಕಟ್ಟುವುದು ಇವಳೇ ಅಂತೆ. ನಾಲ್ಕು ಹಲಸಿನ ಎಲೆ, ಒಂದರ ಮೇಲೊಂದು ಅಡ್ಡ ಇಟ್ಟು, ಮಡಚಿ, ಕಡ್ಡಿ ಚುಚ್ಚಿ, ಹಿಟ್ಟು ಸೋರದ ಹಾಗೆ ಮಾಡುವುದು. ಟೆಸ್ಟಿನಲ್ಲಿದ್ದದ್ದೂ ಚಪ್ಪಟೆ ಕಾಗದ ಮಡಚಿದರೆ ಯಾವ ಡಬ್ಬಿ ಆಗುತ್ತದೆ ಅನ್ನುವ ಪ್ರಶ್ನೆಗಳೇ ಅಲ್ವಾ ಅಂದೆ, ಅಪ್ಪ ಮೊದಲ ಸಲ ನಕ್ಕರು. (ಕೊಟ್ಟೆ ಕಟ್ಟಿದವರೆಲ್ಲ ಆರ್ಕಿಟೆಕ್ಟ್ ಆಗುವುದಿಲ್ಲ ಬಿಡಿ, ನಾನೂ ಕಟ್ಟುತ್ತೇನೆ.)

ಶೀಲಾಗೆ ಹೇಳಿದ್ದು: ದಿನಾ ಅರ್ಧ ಗಂಟೆ, ಪೇಸ್ಟ್ ಡಬ್ಬಿ, ಔಷಧಿ ಡಬ್ಬಿ ಏನೇ ಸಿಗಲಿ, ಬಿಚ್ಚಿದರೆ ಹೇಗೆ ಕಾಣುತ್ತದೆ ಅಂತ ಮೊದಲು ಚಿತ್ರ ಬರೆ, ಆಮೇಲೆ ಬಿಚ್ಚಿ ನೋಡು. ಇದು ಅಭ್ಯಾಸದಿಂದ ಬೆಳೆಯುವ ಸಾಮರ್ಥ್ಯ, 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದೂ ಅದನ್ನೇ. ಗಡಿಯಾರ ಇಟ್ಟುಕೊಂಡು ಮಾಡು, ಒಂದೇ ಸಲ ನೋಡಿ ಮುಂದೆ ಹೋಗು. ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾದ ಮಾದರಿ ಪ್ರಶ್ನೆಪತ್ರಿಕೆ ಬಿಡಿಸು.

ಅಪ್ಪನಿಗೆ: ಎರಡು ತಿಂಗಳು ಈ ವರದಿ ಕಪಾಟಿನಲ್ಲಿರಲಿ. ಅವಳ ತಮ್ಮನ ಎದುರು 40ರ ಮಾತು ಬೇಡ.

ವರದಿ ಮಡಚಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕುತ್ತ ಅವರು ಮೆಲ್ಲಗೆ ಕೇಳಿದರು, "ಐದು ವರ್ಷದ ಕೋರ್ಸಲ್ವಾ ಅಕ್ಕೋರೆ, ಫೀ ಎಷ್ಟಾಗ್ತದೆ?"

ಆ ಮಾತಿಗೆ ಮುಂದಿನ ಶನಿವಾರ ಇಟ್ಟುಕೊಂಡಿದ್ದೇವೆ.